ಒಳ್ಳೆಯ ದಿನ ನೋಡಿ ಬಿದನೂರಿಗೆ ಹೊರಟದ್ದು

ಮದುವೆಯಾಗಿ ಹತ್ತು ತಿಂಗಳು ಕಳೆದಿದ್ದರೂ ನಾನು ಮತ್ತು ನನ್ನ ಗಂಡ, ಇಬ್ಬರೇ ಎಂದು, ಎಲ್ಲಿಗೂ ಹೋಗಿರಲಿಲ್ಲ. ಹಾಗೆಂದ ಮಾತ್ರಕ್ಕೆ ಮನೆಯಲ್ಲಿಯೇ ಕುಳಿತಿದ್ದೆವು ಎಂದಲ್ಲ. ಹುಂಚದ ಅಮ್ಮನವರ ದರ್ಶನಕ್ಕೆ ಹೋಗಿದ್ದೆವು, ತೀರ್ಥಹಳ್ಳಿಗೆ ಬಟ್ಟೆ ತರಲು ಹೋಗಿದ್ದೆವು, ಸಾಗರದಲ್ಲಿ ಒಂದು ಗೃಹಪ್ರವೇಶಕ್ಕೂ ಹೋಗಿ ಬಂದಿದ್ದೆವು. ಆದರೆ ಕೋಣಂದೂರಿನ ಸಮೀಪವಿರುವ ನಮ್ಮ ಮನೆಯಲ್ಲಿ ಹೊರಡುವುದು ಎಂದರೆ ಓಮ್ನಿ ಬಾಡಿಗೆಗೆ ಹಿಡಿಯುವುದು ಎಂದೇ ಅರ್ಥ. ಓಮ್ನಿ ಹಿಡಿದ ಮೇಲೆ ಸೀಟು ಖಾಲಿ ಬಿಟ್ಟರೆ ಅದು ದಂಡ ಎಂಬುದು ಎಲ್ಲರ ಅಭಿಪ್ರಾಯ. ಅತ್ತೆ, ಮಾವ, ನಾದಿನಿ, ಪಕ್ಕದ ಮನೆಯ ದೊಡ್ಡಮ್ಮ, ದೊಡ್ಡಮ್ಮನ ಮೊಮ್ಮಗಳು, ಹೀಗೆ ತುಂಬಿಕೊಳ್ಳುತ್ತಿತ್ತು. ಗಂಡಸರು ಮುಂದೆ, ಹೆಂಗಸರು ಹಿಂದೆ. ಹತ್ತು ತಿಂಗಳಲ್ಲಿ ನನಗೆ ಅತ್ಯಂತ ಪರಿಚಿತವಾದದ್ದು ನನ್ನ ಗಂಡನ ತಲೆಯ ಹಿಂಭಾಗ.

ನನ್ನ ತವರಿನಲ್ಲಿ ಕಾಲೇಜು ಕಂಡವರಲ್ಲಿ ನಾನೇ ಮೊದಲನೆಯವಳು. ಅಜ್ಜ ಗೇಣಿಗೆ ಮಾಡುತ್ತಿದ್ದ ಗದ್ದೆ ಅವರ ಕೊನೆಗಾಲದಲ್ಲಿ ನಮ್ಮದಾಯಿತು. ಅಪ್ಪ ಆ ಗದ್ದೆಯ ಜೊತೆಗೆ ಒಂದು ಕಿರಾಣಿ ಅಂಗಡಿಯನ್ನೂ ನಡೆಸಿ ನನ್ನನ್ನು ಇತಿಹಾಸದಲ್ಲಿ ಎಂ.ಎ. ಮಾಡಿಸಿದರು. ಈಗ ತೀರ್ಥಹಳ್ಳಿಯ ಒಂದು ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಓದಿದವಳು ಎಂದು ಕರೆಸಿಕೊಂಡ ದಿನದಿಂದ ತಪ್ಪು ಮಾಡುವ ಭಯ ನನ್ನನ್ನು ಬಿಟ್ಟಿಲ್ಲ. ಬ್ಯಾಂಕಿಗೆ ಹೋಗುವ ಮೊದಲು ಅಲ್ಲಿ ಆಡಬೇಕಾದ ಮಾತನ್ನು ಮನೆಯಲ್ಲಿಯೇ ಒಮ್ಮೆ ಹೇಳಿಕೊಂಡು ನೋಡುವವಳು ನಾನು.

ನನ್ನ ಗಂಡ ಕೋಣಂದೂರಿನಲ್ಲಿ ಪಂಪ್‌ಸೆಟ್ ರಿಪೇರಿ ಮಾಡುತ್ತಾರೆ. ಹೆಣ್ಣು ನೋಡಲು ಬಂದ ದಿನ, ಕೇಳಲು ಬೇರೆ ಪ್ರಶ್ನೆ ಸಿಗದೆ, ಎಂ.ಎ.ಯಲ್ಲಿ ಏನು ಬರೆದಿರಿ ಎಂದು ಕೇಳಿದ್ದರು. ಬಿದನೂರಿನ ಬಗ್ಗೆ ಪ್ರಬಂಧ ಬರೆದಿದ್ದೇನೆ ಎಂದು ಹೇಳಿದ್ದೆ. ಬಿದನೂರು ಎಂದರೆ ಇಂದು ನಗರ ಎಂದು ಕರೆಯುವ ಊರು. ಕೆಳದಿ ಅರಸರ ರಾಜಧಾನಿಯಾಗಿದ್ದ ಪಟ್ಟಣ. ಈಗ ಹೊಸನಗರ ತಾಲ್ಲೂಕಿನ ಒಂದು ಹಳ್ಳಿ. ಪಕ್ಕದ ಗುಡ್ಡದ ಮೇಲೆ ಕೋಟೆ ಮಾತ್ರ ಉಳಿದಿದೆ. ಅವರು ನನ್ನತ್ತ ನೋಡದೆ, "ಹಂಗಾದ್ರೆ ಒಂದಿನ ನೀವೇ ಕರ್ಕೊಂಡು ಹೋಗಿ ತೋರಿಸ್ಬೇಕು," ಎಂದರು. ನಾನು ತೋರಿಸುತ್ತೇನೆ ಎಂದೆ. ನಾನೂ ಆ ಕೋಟೆಯನ್ನು ನೋಡಿರಲಿಲ್ಲ ಎಂಬುದನ್ನು ಮಾತ್ರ ಹೇಳಲಿಲ್ಲ. ಪ್ರಬಂಧವನ್ನು ಬರೆದದ್ದು ಗ್ರಂಥಾಲಯದ ಮೇಜಿನ ಮೇಲೆ. ಒಂಟಿ ಹುಡುಗಿಯನ್ನು ಅಷ್ಟು ದೂರ ಕಳಿಸಲು ಆಗ ಮನೆಯಲ್ಲಿ ಯಾರೂ ಒಪ್ಪಿರಲಿಲ್ಲ.

ಆ ಮಾತು ನನ್ನ ಮನಸ್ಸಿನಲ್ಲಿ ಉಳಿದಿತ್ತು. ಮೇ ತಿಂಗಳ ರಜೆಯಲ್ಲಿ, ಮಳೆ ಹಿಡಿಯುವ ಮೊದಲು, ಒಂದು ದಿನ ಇಬ್ಬರೇ ಬಿದನೂರಿಗೆ ಹೋಗಿ ಬರಬೇಕು ಎಂದು ನಾನು ನಿರ್ಧರಿಸಿದೆ. ಓಮ್ನಿ ಬೇಡ, ಬಸ್ಸು ಸಾಕು. ಹೋಟೆಲ್ಲು ಬೇಡ, ಬುತ್ತಿ ಸಾಕು. ಅವರ ಬೈಕಿನಲ್ಲಿ ಹೋಗಬಹುದಿತ್ತು. ಆದರೆ ಅದರ ಹಿಂದಿನ ಸೀಟನ್ನು ಬಿಚ್ಚಿ, ಸುಟ್ಟ ಮೋಟಾರುಗಳನ್ನು ಕಟ್ಟಿ ತರಲು ಕಬ್ಬಿಣದ ಕ್ಯಾರಿಯರ್ ಹಾಕಿಸಿದ್ದರು. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲ ನಿಜ. ನಮ್ಮ ದಾರಿಯಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸುಗಳೇ. ಆದರೂ ಇಬ್ಬರ ಟಿಕೆಟ್ಟು ಸೇರಿಸಿದರೂ ಓಮ್ನಿಯ ಪೆಟ್ರೋಲಿನ ಹತ್ತಿರಕ್ಕೂ ಬರುತ್ತಿರಲಿಲ್ಲ.

ಹದಿನೈದು ದಿನ ಸಿದ್ಧತೆ ಮಾಡಿದೆ. ಶಾಲೆಗೆ ಹೋಗಿ ಬರುವಾಗ ಪರಿಚಯವಾಗಿದ್ದ ಕಂಡಕ್ಟರುಗಳನ್ನು ಕೇಳಿ ಸಮಯ ಬರೆದುಕೊಂಡೆ. ಬೆಳಗಿನ ಬಸ್ಸಿಗೆ ಕೋಣಂದೂರಿನಿಂದ ಹುಂಚದ ಮೇಲೆ ಹೊಸನಗರ. ಅಲ್ಲಿ ಇಪ್ಪತ್ತು ನಿಮಿಷ ಕಾದರೆ ನಗರದ ಬಸ್ಸು. ಮಧ್ಯಾಹ್ನ ಮೂರೂವರೆಗೆ ಹಿಂದಿರುಗುವ ಬಸ್ಸು. ಒಂದು ಬಸ್ಸು ತಪ್ಪಿದರೆ ಮುಂದಿನದು ಯಾವುದು ಎಂದು ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಬರೆದೆ. ಕೋಟೆಯಲ್ಲಿ ಎಲ್ಲಿ ನಿಂತು ಏನು ವಿವರಿಸಬೇಕೆಂಬುದಕ್ಕೆ ಪ್ರಬಂಧದಿಂದ ನಾಲ್ಕು ಪುಟ ಟಿಪ್ಪಣಿ ಮಾಡಿಕೊಂಡೆ.

ಅತ್ತೆಗೆ ಹೇಳುವುದು ಉಳಿದಿತ್ತು. ಹರಕೆ ಇದೆ ಎಂದೋ, ಶಾಲೆಯ ಕೆಲಸ ಎಂದೋ ನೆಪ ಹೇಳಬಹುದಿತ್ತು. ಆದರೆ ನನಗೆ ನೆಪವಿಲ್ಲದೆ ಹೋಗಬೇಕಾಗಿತ್ತು. ಅವರು ತೆಂಗಿನಕಾಯಿ ತುರಿಯುತ್ತಿದ್ದಾಗ ಎದುರು ಕುಳಿತು ಹೇಳಿದೆ.

"ಎಂತಕ್ಕೆ?" ಎಂದರು ಅತ್ತೆ.

"ಸುಮ್ಮನೆ ನೋಡಿಕೊಂಡು ಬರಲು."

"ಸುಮ್ನೆ? ದೇವರಿಲ್ಲ, ನೆಂಟ್ರಿಲ್ಲ, ಆ ಕಲ್ಲು ನೋಡಕ್ಕಾ?" ತುರಿಯುವುದನ್ನು ನಿಲ್ಲಿಸದೆಯೇ ಅವರು ನನ್ನನ್ನು ನೋಡಿದರು. "ಓಮ್ನಿ ಹೇಳಣ. ಎಲ್ಲ ಹೋಗಿ ಬರಣ."

"ಇಲ್ಲ ಅತ್ತೆ. ನಾವಿಬ್ಬರೇ ಹೋಗಬೇಕು ಅಂತ."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನಾದಿನಿ, "ಅಮ್ಮ, ಅದು ಹನಿಮೂನು. ನಿಂಗೊತ್ತಾಗಲ್ಲ," ಎಂದು ನಕ್ಕಳು. ಅತ್ತೆ ಅವಳನ್ನು ಗದರಿಸಿದರು. "ನಾವೇನು ಹಂಗೆಲ್ಲ ಹೋಗಿದ್ವಾ," ಎಂದು ಕಾಯಿಗೆ ಹೇಳಿದಂತೆ ಹೇಳಿದರು. ಕೊನೆಗೆ ಒಪ್ಪಿದರು, ಎರಡು ಷರತ್ತು ಹಾಕಿದರು.

"ಮೊದ್ಲ ಸಲ ಜೋಡಿಯಾಗಿ ಹೊರಡ್ತಾ ಇದೀರಿ. ದಿನ ನಾನು ನೋಡ್ತೀನಿ. ಮತ್ತೆ, ದೀಪ ಹಚ್ಚೋ ಹೊತ್ತಿಗೆ ಹೊಸಿಲು ಒಳಗೆ ಇರ್ಬೇಕು. ಇಲ್ದಿದ್ರೆ ಇನ್ಮೇಲೆ ಓಮ್ನಿನೇ. ಆಯ್ತಾ?"

ಇದರಲ್ಲಿ ನನಗೆ ಎಲ್ಲಿಯೂ ಅಪಾಯ ಕಾಣಲಿಲ್ಲ. ಅತ್ತೆ ಗೋಡೆಯ ಕ್ಯಾಲೆಂಡರನ್ನು ಇಳಿಸಿಕೊಂಡು, ಕನ್ನಡಕ ಹಾಕಿಕೊಂಡು, ಒಂದು ಗುರುವಾರಕ್ಕೆ ಬೆರಳಿಟ್ಟರು. "ಇಂಥ ದಿನ ಈ ತಿಂಗಳಲ್ಲೇ ಇನ್ನಿಲ್ಲ." ಎಂ.ಎ. ಓದಿದ ನಾನು, ಆ ಚೌಕದಲ್ಲಿ ಏನು ಬರೆದಿದೆ ಎಂದು ಒಮ್ಮೆ ಓದಿ ನೋಡಬೇಕಿತ್ತು. ಓದಲಿಲ್ಲ.

ಗುರುವಾರ ನಸುಕಿನಲ್ಲಿ ಎದ್ದು ಮಾವಿನಕಾಯಿ ಚಿತ್ರಾನ್ನ ಕಲೆಸಿದೆ. ಕೋಣಂದೂರಿನ ಬಸ್ಸು ನಾನು ಬರೆದುಕೊಂಡಿದ್ದ ನಿಮಿಷಕ್ಕೆ ಸರಿಯಾಗಿ ಬಂತು. ಹಿಂದಿನ ಎರಡು ಜನರ ಸೀಟಿನಲ್ಲಿ ಅಕ್ಕಪಕ್ಕ ಕುಳಿತೆವು. ನನ್ನ ಗಂಡ ಇಸ್ತ್ರಿ ಮಾಡಿದ ನೀಲಿ ಅಂಗಿ ಹಾಕಿದ್ದರು. ಉಗುರಿನ ಸಂದಿಯ ಗ್ರೀಸನ್ನು ತೆಗೆಯಲು ಹಿಂದಿನ ದಿನ ಸೀಮೆಎಣ್ಣೆಯಲ್ಲಿ ಕೈ ತೊಳೆದಿದ್ದರಿಂದ ಅದರ ವಾಸನೆ ಇನ್ನೂ ಹೋಗಿರಲಿಲ್ಲ. ಹುಂಚ ದಾಟುವವರೆಗೆ ಇಬ್ಬರೂ ಏನೂ ಮಾತನಾಡಲಿಲ್ಲ. ಮಾತಿಗೆ ಇಡೀ ದಿನವಿದೆ ಎಂಬ ಧೈರ್ಯ ನನಗಿತ್ತು.

ಹೊಸನಗರದ ಬಸ್ ನಿಲ್ದಾಣದಲ್ಲಿ ಇಳಿದಾಗ ಎಲ್ಲವೂ ಸರಿಯಾಗಿತ್ತು. ಇಪ್ಪತ್ತು ನಿಮಿಷ ಕಾದೆವು. ನಲವತ್ತು ನಿಮಿಷ ಕಾದೆವು. ಕೆಂಪು ಶಾಯಿಯ ಬಸ್ಸೂ ಬರಲಿಲ್ಲ. ಕೊನೆಗೆ, ಊರುಗಳ ಹೆಸರನ್ನು ಕೂಗಿ ಜನರನ್ನು ಬಸ್ಸಿಗೆ ಹತ್ತಿಸುವ ಏಜೆಂಟರ ಬಳಿಗೆ ಹೋಗಿ ಕೇಳಿದೆ.

"ನಗರಕ್ಕಾ? ಇವತ್ತಾ?" ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಅಕ್ಕ, ಇವತ್ತು ಎಂಥಾ ಲಗ್ನ! ಎರಡೂ ಬಸ್ಸು ದಿಬ್ಬಣಕ್ಕೆ ಹೋಗಿದಾವೆ. ಇನ್ನು ಬರೋದು ಸಂಜೆಗೇ. ಈ ಕಡೆಯವರಲ್ವಾ ನೀವು?"

ಈ ಕಡೆಯವಳೇ. ಒಳ್ಳೆಯ ಮುಹೂರ್ತವಿದ್ದ ದಿನ ನಮ್ಮಲ್ಲಿ ದಿನವೂ ಓಡುವ ಲೈನ್ ಬಸ್ಸುಗಳನ್ನು ಮದುವೆಯ ದಿಬ್ಬಣಕ್ಕೆ ಬಾಡಿಗೆ ಹಿಡಿಯುತ್ತಾರೆ ಎಂಬುದು ಚಿಕ್ಕ ಮಕ್ಕಳಿಗೂ ಗೊತ್ತು. ನನ್ನ ಸ್ವಂತ ಮದುವೆಗೆ ಗಂಡಿನ ಕಡೆಯವರು ಬಂದದ್ದೂ ಹಾಗೆ ಹಿಡಿದ ಬಸ್ಸಿನಲ್ಲಿಯೇ. ಕಂಡಕ್ಟರುಗಳನ್ನು ಸಮಯ ಕೇಳಿದೆನೇ ಹೊರತು ದಿನ ಹೇಳಿ ಕೇಳಲಿಲ್ಲ. ತಿಂಗಳಲ್ಲೇ ಶ್ರೇಷ್ಠವಾದ ದಿನವನ್ನು ಆರಿಸಿ, ಬಸ್ಸೇ ಇಲ್ಲದ ದಿನ ಹೊರಟಿದ್ದೆವು.

ನನ್ನ ಗಂಡ ಗಟ್ಟಿಯಾಗಿ ನಕ್ಕರು. ನಾನು ನಗಲಿಲ್ಲ. ಆಟೋ ಮಾಡಿದರೆ ಕಡಿಮೆ ಖರ್ಚಿನ ದಿನ ಎಂಬ ಮಾತೇ ಉಳಿಯುತ್ತಿರಲಿಲ್ಲ. ವಾಪಸು ಹೋದರೆ ಓಮ್ನಿ. ಕಣ್ಣಲ್ಲಿ ನೀರು ಬರುವ ಮೊದಲೇ ಏಜೆಂಟರು, "ಇರಿ ಇರಿ," ಎಂದು ರಸ್ತೆಯತ್ತ ಓಡಿದರು. ಬಾಳೆಕಂದು ಕಟ್ಟಿದ, ಒಳಗೆ ಜನ ತುಂಬಿದ ಬಸ್ಸೊಂದು ಹೂವಿನಂಗಡಿಯ ಎದುರು ನಿಂತಿತ್ತು. ಹುಂಚದ ಪಕ್ಕದ ಹಳ್ಳಿಯೊಂದರ ಗಂಡಿನ ದಿಬ್ಬಣ ಅದು. ನಗರದ ಸಮೀಪದ ಛತ್ರಕ್ಕೆ ಹೊರಟಿತ್ತು. ಏಜೆಂಟರು ಕಿಟಕಿಯ ಬಳಿ ಏನೋ ಹೇಳಿ, ನಮಗೆ ಕೈ ಬೀಸಿದರು.

ಹತ್ತಿದ ಕೂಡಲೇ ಮುಂದಿನ ಸೀಟಿನಲ್ಲಿದ್ದ ದಪ್ಪ ಅಂಚಿನ ಸೀರೆಯ ಹೆಂಗಸೊಬ್ಬರು ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ಮದುಮಗನ ಸೋದರತ್ತೆ ಎಂದು ತಾವೇ ಹೇಳಿಕೊಂಡರು. ನನ್ನ ಗಂಡನನ್ನು ಗಂಡಸರು ಹಿಂದಕ್ಕೆ ಕರೆದುಕೊಂಡು ಹೋದರು.

"ಯಾವ ಊರು ನಿಮ್ದು?"

ಹೇಳಿದೆ.

"ಕೋಣಂದೂರಲ್ಲಿ ಮೋಟಾರು ಕಟ್ತಾರಲ್ಲ, ಅವರಾ ನಿಮ್ಮೋರು? ಅಯ್ಯೋ, ನಮ್ಮ ಭಾವನ ಮನೆ ಪಂಪು ರಿಪೇರಿ ಮಾಡಿದ್ದು ಅವರೇ ಅಲ್ವಾ! ಹಂಗಾದ್ರೆ ನಮ್ಮೋರೇ ಆದ್ರಿ." ಮಾತು ಮುಗಿಯುವ ಮೊದಲೇ ಒಂದು ಮೊಳ ಮಲ್ಲಿಗೆ ನನ್ನ ಜಡೆಯಲ್ಲಿತ್ತು. "ಬಂದಿದ್ದು ಬಂದ್ರಿ, ಮದುವೆ ಮುಗಿಸಿ ಊಟ ಮಾಡ್ಕೊಂಡೇ ಹೋಗ್ಬೇಕು. ಹೋಳಿಗೆ ಊಟ. ಇಲ್ಲ ಅನ್ಬಾರ್ದು."

ಹಿಂದಿನಿಂದ ಕೇಳಿಸಿತು: "ಅಣ್ಣ, ಮೋಟಾರು ಗುಂಯ್ ಅಂತದೆ, ನೀರು ಎತ್ತಲ್ಲ. ಎಂತಾಗಿರ್ಬೋದು?" ನನ್ನ ಗಂಡ ಕೆಪ್ಯಾಸಿಟರ್ ಬಗ್ಗೆ ವಿವರಿಸತೊಡಗಿದ್ದರು. ತಿರುಗಿ ನೋಡಿದೆ. ಅವರ ಸುತ್ತ ಐದಾರು ಜನ ಬಗ್ಗಿ ನಿಂತಿದ್ದರು. ಈ ಸಲ ಅವರ ತಲೆಯ ಹಿಂಭಾಗವೂ ಕಾಣುತ್ತಿರಲಿಲ್ಲ. ಹೆಂಗಸರು ಮುಂದೆ, ಗಂಡಸರು ಹಿಂದೆ. ನಾನು ಇನ್ನೂ ದೊಡ್ಡದೊಂದು ಓಮ್ನಿಯಲ್ಲಿ ಕುಳಿತಿದ್ದೆ. ಮುಹೂರ್ತ ಹನ್ನೆರಡರ ಮೇಲೆ. ಊಟ ಎಂದರೆ ಎರಡು. ಆಮೇಲೆ ಮೋಟಾರು ನೋಡಲು ಒಬ್ಬರು ಮನೆಗೆ ಕರೆದರೆ ದಿನವೇ ಮುಗಿಯುತ್ತದೆ. ಹಿರಿಯರು ಕರೆದಾಗ ಬರುವುದಿಲ್ಲ ಎಂದು ನಾನು ಹುಟ್ಟಿದಾಗಿನಿಂದ ಹೇಳಿದವಳಲ್ಲ. ದಾರಿಯುದ್ದಕ್ಕೂ ಆ ವಾಕ್ಯವನ್ನು ಮನಸ್ಸಿನಲ್ಲಿ ಕಟ್ಟಿ, ಕೆಡವಿ, ಮತ್ತೆ ಕಟ್ಟಿದೆ. ಕಿಟಕಿಯ ಆಚೆ ನಗರದ ಮೊದಲ ಮನೆಗಳು ಕಂಡಾಗ ಎದ್ದು ನಿಂತೆ.

"ಅಮ್ಮಾ, ದಯವಿಟ್ಟು ತಪ್ಪು ತಿಳಿಯಬೇಡಿ. ನಾವು ಊಟಕ್ಕೆ ಬರಲು ಸಾಧ್ಯವಾಗುವುದಿಲ್ಲ. ನಾವು ಕೋಟೆಯನ್ನು ನೋಡಲು ಬಂದವರು. ನಾವಿಬ್ಬರೇ."

ಭಯದಿಂದ ನನ್ನ ದನಿ ತರಗತಿಯಲ್ಲಿ ಪಾಠ ಮಾಡುವಷ್ಟು ಎತ್ತರಕ್ಕೆ ಹೋಗಿತ್ತು. ಬಸ್ಸಿನಲ್ಲಿ ಮಾತು ನಿಂತಿತು. ಕೆಪ್ಯಾಸಿಟರಿನ ವಿವರಣೆಯೂ ನಿಂತಿತು.

ಸೋದರತ್ತೆ ನನ್ನ ಮುಖವನ್ನೇ ನೋಡಿದರು. "ಟೀಚರಾ ನೀನು? ಮಾತೆಲ್ಲ ಪೇಪರಲ್ಲಿ ಬರ್ದಂಗೆ ಇದೆ."

"ಹೌದು."

"ಮದುವೆಯಾಗಿ ಎಷ್ಟು ದಿನ ಆಯ್ತು?"

"ಹತ್ತು ತಿಂಗಳು."

"ಇಬ್ರೇ ಬಂದಿದ್ದು ಎಷ್ಟನೇ ಸಲ?"

"ಇದೇ ಮೊದಲು."

ಅವರು ಸೀಟಿನಿಂದ ಅರ್ಧ ಎದ್ದು ಹಿಂದಕ್ಕೆ ತಿರುಗಿ ಕೂಗಿದರು. "ಏ, ಬಿಡ್ರೋ ಆ ಮೋಟಾರ್ನೋರನ್ನ! ನಿಮ್ಮ ಪಂಪು ನಾಳೆನೂ ಇರತ್ತೆ. ಮುಂದಕ್ಕೆ ಕಳ್ಸಿ. ಡ್ರೈವರಣ್ಣ, ಕೋಟೆ ಹತ್ರ ನಿಲ್ಸು, ಇಲ್ಲೊಂದು ಜೋಡಿ ಇಳೀಬೇಕು!"

ಬಸ್ಸು ಗೊಳ್ಳೆಂದು ನಕ್ಕಿತು. ಯಾರೋ ಶಿಳ್ಳೆ ಹಾಕಿದರು. "ಅಲ್ಲೇ ಇನ್ನೊಂದು ಸಲ ತಾಳಿ ಕಟ್ಸಣ, ಭಟ್ರು ನಮ್ ಜೊತೆಗೇ ಇದಾರೆ," ಎಂದು ಇನ್ನೊಬ್ಬರು ಕೂಗಿದರು. ನನ್ನ ಗಂಡ ಕಿವಿಯವರೆಗೆ ಕೆಂಪಾಗಿ, ಜನರ ನಡುವೆ ನುಸುಳಿಕೊಂಡು ಮುಂದಕ್ಕೆ ಬಂದರು. ಇಳಿಯುವಾಗ ಸೋದರತ್ತೆ ನನ್ನ ಬೆನ್ನಿಗೆ ಮೆಲ್ಲಗೆ ಗುದ್ದಿದರು. "ನಾಕು ಗಂಟೆ ಮೇಲೆ ಇಲ್ಲೇ ನಿಂತಿರಿ. ಹಾರ್ನ್ ಹಾಕಸ್ತೀನಿ. ಈ ಬಸ್ಸು ಸಂಜೆ ಹುಂಚದಿಂದ ಲೈನಿಗೆ ಹೋಗ್ಬೇಕು, ತೀರ್ಥಹಳ್ಳಿಗೆ. ನಿಮ್ಮನ್ನ ಕೋಣಂದೂರಲ್ಲಿ ಇಳ್ಸತ್ತೆ."

ಬಸ್ಸು ಹೋದ ಮೇಲೆ ರಸ್ತೆಯಲ್ಲಿ ನಾವಿಬ್ಬರೇ ಉಳಿದೆವು.

ಕೋಟೆಯ ಬಾಗಿಲನ್ನು ದಾಟಿ ಮೇಲೆ ಹತ್ತಿದೆವು. ನಾನು ಚೀಲದಿಂದ ಟಿಪ್ಪಣಿ ತೆಗೆದು ಮೊದಲ ಪುಟವನ್ನು ಓದಿದೆ. "ಕೋಟೆಯ ಮೇಲೆ ನಿಂತು ನೋಡಿದಾಗ ಈ ರಾಜಧಾನಿಯ ವಿಸ್ತಾರವು ಕಣ್ಣಿಗೆ ಕಟ್ಟುತ್ತದೆ." ತಲೆಯೆತ್ತಿ ನೋಡಿದರೆ ಎದುರಿಗೆ ಹಸಿರು ಬಿಟ್ಟು ಬೇರೇನೂ ಇರಲಿಲ್ಲ. ರಾಜಧಾನಿ ಇದ್ದ ಜಾಗದಲ್ಲಿ ಮರಗಳ ತಲೆ, ಅವುಗಳ ಆಚೆ ಬೆಟ್ಟದ ಹಿಂದೆ ಬೆಟ್ಟ. ಪಟ್ಟಣ ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯುತ್ತಿತ್ತು ಎಂದು ಕೈ ತೋರಿಸಲು ಸಹ ನನಗೆ ಗೊತ್ತಾಗಲಿಲ್ಲ.

"ನಾನು ಇಲ್ಲಿಗೆ ಬಂದೇ ಇರಲಿಲ್ಲ ರೀ. ನೋಡದೆಯೇ ಬರೆದೆ," ಎಂದು ಹೇಳಿಬಿಟ್ಟೆ.

ಅವರು ಗೋಡೆಯ ಕಲ್ಲನ್ನು ಬೆರಳಿನಿಂದ ಕೆರೆಯುತ್ತಾ ಹೇಳಿದರು. "ನಾನು ಮೂರು ಸಲ ಬಂದಿದೀನಿ ಮಾರಾಯ್ತಿ."

"ಎಲ್ಲಿಗೆ?"

"ಇಲ್ಲಿಗೇ. ಕೆಳಗೆ ಒಬ್ರ ಮನೆ ಪಂಪ್ ನೋಡಕ್ಕೆ. ಮಧ್ಯಾಹ್ನ ಊಟದ ಡಬ್ಬಿ ತಗಂಡು ಇಲ್ಲೇ ಮೇಲೆ ಬಂದು ಉಣ್ತಿದ್ದೆ."

"ಮತ್ತೆ ನನಗೆ ಯಾಕೆ ಹೇಳಲಿಲ್ಲ?"

"ತೋರಿಸ್ತೀನಿ ಅಂತ ನೀನು ಅಷ್ಟು ಖುಷಿಲಿ ಹೇಳ್ದೆ. ನಾನು ನೋಡಿದೀನಿ ಅಂದ್ರೆ ಚೆನ್ನಾಗಿರತ್ತಾ? ಮತ್ತೆ, ಒಬ್ನೇ ನೋಡಿದ್ದು ನೋಡ್ದಂಗಾ?"

ಟಿಪ್ಪಣಿಯನ್ನು ಚೀಲಕ್ಕೆ ಹಾಕಿದೆ. ಆಮೇಲೆ ದಾರಿ ತೋರಿಸಿದವರು ಅವರು. ಬಿಸಿಲು ಹೆಚ್ಚಿದಾಗ ನೆರಳು ಎಲ್ಲಿ ಬೀಳುತ್ತದೆ, ಗಾಳಿ ಯಾವ ಮೂಲೆಯಲ್ಲಿ ಚೆನ್ನಾಗಿ ಬೀಸುತ್ತದೆ ಎಂಬುದೆಲ್ಲ ಅವರಿಗೆ ತಿಳಿದಿತ್ತು. ಒಳಗಿನ ಜೋಡಿ ಕೊಳಗಳ ಬಳಿ ಮಾತ್ರ ಬಹಳ ಹೊತ್ತು ಬಗ್ಗಿ ಕುಳಿತರು. ಮೇ ತಿಂಗಳಿನಲ್ಲಿಯೂ ತಳದಲ್ಲಿ ನೀರಿತ್ತು.

"ನೋಡು, ಗುಡ್ಡದ ತಲೆ ಮೇಲೆ ನೀರು. ಪಂಪಿಲ್ಲ, ಪೈಪಿಲ್ಲ, ಕರೆಂಟಿಲ್ಲ. ಇವರೆಲ್ಲ ಈಗ ಇದ್ದಿದ್ರೆ ನನ್ನ ಹೊಟ್ಟೆ ಮೇಲೆ ಹೊಡೀತಿದ್ರು."

ನನ್ನ ಪ್ರಬಂಧದಲ್ಲಿ ಆ ಕೊಳಗಳಿಗೆ ಒಂದೂವರೆ ಸಾಲು ಸಿಕ್ಕಿತ್ತು. ಅವರು ಅರ್ಧ ಗಂಟೆ ಮಾತನಾಡಿದರು: ಒರತೆ ಎಲ್ಲಿರಬಹುದು, ಕಲ್ಲನ್ನು ಹೇಗೆ ಜೋಡಿಸಿದರೆ ನೀರು ಸೋರುವುದಿಲ್ಲ, ಹೂಳು ತೆಗೆಯಲು ಮೆಟ್ಟಿಲು ಹೇಗೆ ಅನುಕೂಲ. ಮನೆಯಲ್ಲಿ ಎರಡು ಮಾತಿಗೆ ಮೂರನೆಯದನ್ನು ಸೇರಿಸದ ಮನುಷ್ಯ! ನಾನು ಕೇಳಿದ ಪ್ರಶ್ನೆಗಳಿಗೆಲ್ಲ ಉತ್ತರವಿತ್ತು. ಗೊತ್ತಿಲ್ಲದ್ದಕ್ಕೆ "ಗೊತ್ತಿಲ್ಲ" ಎಂದರು. ಅದನ್ನು ಅಷ್ಟು ಸುಲಭವಾಗಿ ಹೇಳಬಹುದು ಎಂಬುದು ನನಗೆ ತಿಳಿದಿರಲಿಲ್ಲ.

ಅವರು ಒಬ್ಬರೇ ಕುಳಿತು ಉಣ್ಣುತ್ತಿದ್ದ ಜಾಗದಲ್ಲಿ ಬುತ್ತಿ ಬಿಚ್ಚಿದೆವು. ಚಿತ್ರಾನ್ನಕ್ಕೆ ಉಪ್ಪು ಕಡಿಮೆಯಾಗಿತ್ತು. ಚೀಲದ ತಳದಲ್ಲಿ ನಾನು ಇಟ್ಟಿರದ ಒಂದು ಸಣ್ಣ ಡಬ್ಬಿ ಸಿಕ್ಕಿತು: ಅತ್ತೆ ಹಾಕಿದ ಮಿಡಿ ಉಪ್ಪಿನಕಾಯಿ. ಎರಡೇ ಮಿಡಿ ಇದ್ದವು.

ನಾಲ್ಕು ಗಂಟೆಗೆ ಕೆಳಗಿಳಿದು ರಸ್ತೆಯಲ್ಲಿ ನಿಂತೆವು. ನಾಲ್ಕೂಕಾಲು ಆಯಿತು, ನಾಲ್ಕೂವರೆ ಆಯಿತು. ನಾನು ಹತ್ತನೆಯ ಸಲ ಗಡಿಯಾರ ನೋಡುತ್ತಿದ್ದಾಗ ತಿರುವಿನ ಆಚೆಯಿಂದಲೇ ಉದ್ದವಾದ ಹಾರ್ನ್ ಕೇಳಿಸಿತು. ಹತ್ತಿದರೆ ಎಲ್ಲರೂ ನಮ್ಮನ್ನೇ ಕಾಯುತ್ತಿದ್ದವರಂತೆ ಕೂಗಿದರು. ಸೋದರತ್ತೆ ಇಬ್ಬರು ಹುಡುಗರನ್ನು ಎಬ್ಬಿಸಿ, ಎರಡು ಜನರ ಸೀಟನ್ನು ನಮಗೆ ಬಿಡಿಸಿಕೊಟ್ಟರು. "ಟೀಚರಮ್ಮ, ಪಾಠ ಮುಗೀತಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ, ತೆಂಗಿನಕಾಯಿ ಮತ್ತು ಹೋಳಿಗೆ ಇದ್ದ ತಾಂಬೂಲದ ಚೀಲವನ್ನು ನನ್ನ ಮಡಿಲಿಗೆ ಹಾಕಿದರು.

ದಿಬ್ಬಣ ಹುಂಚದಲ್ಲಿ ಇಳಿಯಿತು. ಬಾಳೆಕಂದನ್ನು ಬಿಚ್ಚಿ ಎಸೆದು ಅದೇ ಬಸ್ಸು ಲೈನ್ ಬಸ್ಸಾಗಿ ಹೊರಟಿತು. ಕೋಣಂದೂರಿನಲ್ಲಿ ಇಳಿದು ಮನೆಯ ದಾರಿಯಲ್ಲಿ ಬೇಗ ಬೇಗ ನಡೆದೆವು; ಕೊನೆಯ ತಿರುವಿನಲ್ಲಿ ನಾಚಿಕೆ ಬಿಟ್ಟು ಓಡಿದೆವು. ಬೆಳಕು ಆಗಲೇ ಮಂಕಾಗಿತ್ತು. ಆದರೆ ಅಂಗಳದ ತುಳಸಿಕಟ್ಟೆಯಲ್ಲಿ ದೀಪವಿರಲಿಲ್ಲ. ಅತ್ತೆ ಬೆಂಕಿಪೊಟ್ಟಣ ಹಿಡಿದು ಅದರ ಎದುರು ಬಗ್ಗಿ ನಿಂತಿದ್ದರು. ನಾವು ಹೊಸಿಲು ದಾಟಿದ ಮೇಲೆ ಕಡ್ಡಿ ಗೀರಿದ ಸದ್ದು ಕೇಳಿಸಿತು.

"ಕಾಲು ಗಂಟೆಯಿಂದ ಬತ್ತಿ ಸರಿ ಮಾಡ್ತಾನೇ ಇದಾರೆ," ಎಂದಳು ನಾದಿನಿ, ನನ್ನ ಕಿವಿಯಲ್ಲಿ.

ಅತ್ತೆ ಒಳಗೆ ಬಂದು ಮೊದಲು ನೋಡಿದ್ದು ನನ್ನ ಜಡೆಯ ಮಲ್ಲಿಗೆಯನ್ನು, ಆಮೇಲೆ ತಾಂಬೂಲದ ಚೀಲವನ್ನು. "ಕೋಟೆಗೆ ಅಂತ ಹೋಗಿ ಯಾರ ಮದುವೆ ಉಂಡ್ಕೊಂಡು ಬಂದ್ರಿ?"

ನನ್ನ ಗಂಡ ಎಲ್ಲವನ್ನೂ ಹೇಳಿದರು. ಹತ್ತು ತಿಂಗಳಲ್ಲಿ ಆ ಮನೆಯಲ್ಲಿ ಅವರು ಅಷ್ಟು ಮಾತನಾಡಿದ್ದನ್ನು ನಾನು ಕೇಳಿರಲಿಲ್ಲ. ಬಸ್ಸಿನ ನಡುವೆ ಎದ್ದು ನಿಂತು "ನಾವಿಬ್ಬರೇ" ಎಂದದ್ದನ್ನು ನನ್ನ ದನಿಯಲ್ಲಿಯೇ ಹೇಳಿ ತೋರಿಸಿದಾಗ, ಚಾವಡಿಯಲ್ಲಿ ಕುಳಿತಿದ್ದ ಮಾವ ನಕ್ಕು ನಕ್ಕು ಕೆಮ್ಮಿದರು. ಒಳ್ಳೆಯ ದಿನ ನೋಡಿದ್ದರಿಂದಲೇ ಬಸ್ಸು ತಪ್ಪಿತು ಎಂದು ತಿಳಿದಾಗ ಅತ್ತೆ ಹಣೆ ಚಚ್ಚಿಕೊಂಡರು. "ಥೋ, ನನ್ನ ಬುದ್ಧಿಗಿಷ್ಟು!"

"ಮುಂದಿನ ಸಲ ಓಮ್ನಿ ಮಾಡಣ ಅಮ್ಮ," ಎಂದಳು ನಾದಿನಿ, ಬೇಕೆಂದೇ.

"ಸುಮ್ನಿರೇ. ಅವರಿಬ್ರೇ ಹೋಗ್ಲಿ."

ಅಷ್ಟು ಹೇಳಿ ಅತ್ತೆ ಹೋಳಿಗೆಯನ್ನು ಐದು ಪಾಲು ಮಾಡಿ ತಟ್ಟೆಗೆ ಹಾಕಿದರು. ಮಾವನಿಗೆ ಕೊಟ್ಟು ಬಂದು ನನ್ನ ಪಕ್ಕದಲ್ಲಿ ಕುಳಿತರು. "ನಾನೂ ನಿಮ್ಮ ಮಾವನೂ ಇಬ್ರೇ ಅಂತ ಹೋಗಿದ್ದು ಒಂದೇ ಸಲ. ಶಿವಮೊಗ್ಗದ ಆಸ್ಪತ್ರೆಗೆ, ಅವರ ಕಣ್ಣಿನ ಆಪರೇಷನ್ನಿಗೆ. ಅವತ್ತು ಅವರಿಗೆ ಏನೂ ಕಾಣ್ತಾನೂ ಇರ್ಲಿಲ್ಲ." ತಮಗೇ ನಗು ಬಂದು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅನಂತರ ಎದ್ದು, ಗೋಡೆಯಿಂದ ಕ್ಯಾಲೆಂಡರ್ ಇಳಿಸಿ, ಕನ್ನಡಕವನ್ನೂ ಜೊತೆಗೆ ತಂದು ನನ್ನ ಮುಂದಿಟ್ಟರು.

"ಲಗ್ನ ಇಲ್ಲದ ದಿನ ಯಾವುದಿದೆ ನೋಡು. ಇಕ್ಕೇರಿ ದೇವಸ್ಥಾನ ಅಂತಾರಲ್ಲ, ಸಾಗರದ ಹತ್ರ, ಅಲ್ಲಿಗೆ ಎಷ್ಟು ಬಸ್ಸು ಬದ್ಲಾಯಿಸ್ಬೇಕು? ನಿಮ್ಮ ಮಾವಂಗೆ ಈಗಲೇ ಹೇಳ್ಬೇಡ."

ಕಪ್ಪು ಪೆನ್ನನ್ನೂ ಕೆಂಪು ಪೆನ್ನನ್ನೂ ತರಲು ನಾನು ಒಳಗೆ ಹೋದೆ.